ನಾಲ್ಕು ಅಡಿ ರಸ್ತೆ

ನನ್ನ ಮಾವನವರು ಕಾರನ್ನು ಯಾವತ್ತೂ ಮೂಗು ರಸ್ತೆಗೆ ಮಾಡಿಯೇ ನಿಲ್ಲಿಸುತ್ತಿದ್ದರು. ಹಾಸನದ ಬಸ್ ಡಿಪೋದಲ್ಲಿ ಮೂವತ್ತನಾಲ್ಕು ವರ್ಷ ಮೆಕ್ಯಾನಿಕ್ ಆಗಿದ್ದವರು ಅವರು. ಬೆಳಗಿನ ಮೊದಲ ಬಸ್ಸು ಹಿಂದಕ್ಕೂ ಮುಂದಕ್ಕೂ ಒದ್ದಾಡದೆ ಸೀದಾ ಹೊರಡಬೇಕು ಅನ್ನುವುದು ಅಲ್ಲಿನ ರೂಢಿಯಂತೆ. ಸ್ಯಾನ್ ರಮೋನಿನ ನಮ್ಮ ಬೀದಿಯಲ್ಲಿ ಎಲ್ಲರ ಕಾರುಗಳೂ ಗ್ಯಾರೇಜಿನ ಕಡೆ ಮುಖ ಹಾಕಿಕೊಂಡು ನಿಂತಿದ್ದರೆ, ನಮ್ಮ ಮನೆಯದೊಂದು ಮಾತ್ರ ಗ್ಯಾರೇಜಿನಿಂದ ರಸ್ತೆಗೆ ಇಳಿಯುವ ಡ್ರೈವ್‌ವೇ ಮೇಲೆ ರಸ್ತೆಯನ್ನೇ ನೋಡುತ್ತಾ ನಿಂತಿರುತ್ತಿತ್ತು. ಹಾಗೆ ನಿಲ್ಲಿಸದೇ ಇದ್ದಿದ್ದರೆ ನಾನು ಸುಳ್ಳು ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ಅದು ನನ್ನ ಗಂಡ ಈ ದೇಶಕ್ಕೆ ಬಂದ ಹೊಸತರಲ್ಲಿ ಕೊಂಡ ಜಪಾನೀ ಸೆಡಾನು. ಅದರ ಬಣ್ಣ ಯಾವುದು ಅಂತ ನನ್ನನ್ನು ಕೇಳಬೇಡಿ. ಹಸಿರು ಅಂದರೆ ಹಸಿರಲ್ಲ, ಬೂದಿ ಅಂದರೆ ಬೂದಿಯಲ್ಲ. ಅತ್ತೆ ತೀರಿಕೊಂಡ ಮೇಲೆ ಮಾವ ನಮ್ಮ ಜೊತೆ ಇರಲು ಬಂದರು. ಅಷ್ಟು ಹೊತ್ತಿಗೆ ನಾವು ಬೇರೆ ಕಾರು ಕೊಂಡಿದ್ದರಿಂದ ಇದು ಅವರದಾಯಿತು. ಲೈಬ್ರರಿ, ಇಂಡಿಯನ್ ಗ್ರೋಸರಿ, ಅವರ ವಾರಿಗೆಯವರು ಕೂರುವ ಪಾರ್ಕು, ಇಷ್ಟೇ ಅವರ ಲೋಕ. ಫ್ರೀವೇ ಅನ್ನುವ ಹೆದ್ದಾರಿ ಹತ್ತಿದವರಲ್ಲ. ಆದರೆ ಆ ಲೋಕದೊಳಗೆ ಅವರನ್ನು ಯಾರೂ ಕರೆದುಕೊಂಡು ಹೋಗಬೇಕಾಗಿರಲಿಲ್ಲ, ಕರೆದುಕೊಂಡು ಬರಬೇಕಾಗಿರಲಿಲ್ಲ.

ಪ್ರತಿ ಭಾನುವಾರ ಬಾನೆಟ್ ತೆಗೆದು ನಿಲ್ಲುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚುತ್ತಿದ್ದರು. "ಮೂರನೇದು ಒಸಿ ಕೆಮ್ತಾ ಐತೆ" ಅನ್ನುತ್ತಿದ್ದರು. ನಾನು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ಕೆಲಸ ಮಾಡುವವಳು. ಮೀಟರು ತೋರಿಸದೆ ಇದ್ದದ್ದು ಇಲ್ಲ ಅಂತಲೇ ನನ್ನ ಲೆಕ್ಕ. ಕೊಂಕು ಬೇರೆ ನನ್ನ ಬಾಯಿಗೆ ಮೊದಲು ಬರುವುದು. "ಕೆಮ್ಮಿಗೆ ಶುಂಠಿ ಕಷಾಯ ಮಾಡಿ ಕೊಡಲಾ ಮಾವ?" ಅಂದಿದ್ದೆ. ಮರುವಾರ ಗ್ಯಾರೇಜಿನವನು ಕಂಪ್ಯೂಟರು ಸಿಕ್ಕಿಸಿ, ಬಹಳ ಹೊತ್ತು ನೋಡಿ, ಮೂರನೇ ಸಿಲಿಂಡರು ಅಂದ. ಅವತ್ತಿನಿಂದ ಕಷಾಯದ ಮಾತು ನಾನು ಎತ್ತಿಲ್ಲ.

ಆಮೇಲೆ ಅವರ ಕಣ್ಣು ಕೈಕೊಟ್ಟಿತು. ಒಂದೇ ಸಲ ಅಲ್ಲ, ನಡುವಿನಿಂದ ಶುರುವಾಗಿ ನಿಧಾನಕ್ಕೆ. "ನಿನ್ನ ಓಲೆ ಕಾಣ್ತದೆ ಕಣವ್ವ, ಮೂಗು ಕಾಣಕಿಲ್ಲ" ಅಂದರು ಒಂದು ದಿನ ಊಟಕ್ಕೆ ಕೂತಾಗ, ಸಾರಿಗೆ ಉಪ್ಪು ಕಡಿಮೆ ಅಂತ ಹೇಳುವಷ್ಟು ಸಲೀಸಾಗಿ. ಅದೇ ಬೆಳಿಗ್ಗೆ ಅವರು ಪಾರ್ಕಿಗೆ ಕಾರು ಓಡಿಸಿಕೊಂಡು ಹೋಗಿ ಬಂದಿದ್ದರು. ಡಾಕ್ಟರು ಕಣ್ಣಿಗೆ ಇಂಜೆಕ್ಷನ್ನು ಶುರು ಮಾಡಿದರು. ವರ್ಷದೊಳಗೆ ಹಿಡಿತಕ್ಕೆ ಬಂದರೂ ಬರಬಹುದು, ಅಲ್ಲಿಯ ತನಕ ಸ್ಟಿಯರಿಂಗ್ ಮುಟ್ಟುವಂತಿಲ್ಲ ಅಂದರು.

ಕಾರಿನ ರಿಜಿಸ್ಟ್ರೇಷನ್ನು ಮುಗಿಯುವುದು ಆಗಸ್ಟಿನಲ್ಲಿ. ಓಡದ ಕಾರಿಗೆ ಇಡೀ ವರ್ಷದ ಫೀಸು ಯಾಕೆ ಅಂತ ಇಲ್ಲಿನ ವಾಹನ ಇಲಾಖೆಯವರು ಒಂದು ಅನುಕೂಲ ಮಾಡಿದ್ದಾರೆ. ಗಾಡಿಯನ್ನು ರಸ್ತೆಯಿಂದ ಇಳಿಸಿದ್ದೇನೆ ಅಂತ ಬರೆದುಕೊಟ್ಟರೆ ಚಿಲ್ಲರೆ ದುಡ್ಡಿನಲ್ಲಿ ಮುಗಿಯುತ್ತದೆ. ನಮ್ಮ ಮನೆಯಲ್ಲಿ ಆ ಇಲಾಖೆಗೆ ಆರ್‌ಟಿಓ ಅಂತಲೇ ಹೆಸರು. ಮಾವ ಇಟ್ಟದ್ದು. ಕಾಲೇಜಿನಿಂದ ರಜೆಗೆ ಬಂದಿದ್ದ ಮಗಳು ಲ್ಯಾಪ್‌ಟಾಪ್ ಹಿಡಿದು ಅಜ್ಜನ ಪಕ್ಕ ಕೂತಳು.

"ಇಟ್ಸ್ ಜಸ್ಟ್ ಒನ್ ಕ್ಲಿಕ್, ತಾತ" ಅಂದಳು.

"ಕ್ಲಿಕ್ಕು ಆಮೇಕೆ. ಏನು ಬರ್ದವ್ರೆ, ಓದವ್ವ ಮೊದ್ಲು."

ಅವಳು ಇಂಗ್ಲಿಷಿನಲ್ಲಿ ಓದಿದಳು, ನಾನು ಕನ್ನಡದಲ್ಲಿ ಹೇಳಿದೆ. ಈ ಗಾಡಿಯನ್ನು ರಸ್ತೆಯಲ್ಲಿ ಓಡಿಸುವುದಿಲ್ಲ, ಎಳೆಸುವುದಿಲ್ಲ, ನಿಲ್ಲಿಸುವುದೂ ಇಲ್ಲ, ಹೇಳಿದ್ದೆಲ್ಲ ನಿಜ, ಸುಳ್ಳಾದರೆ ಶಿಕ್ಷೆಗೆ ಸಿದ್ಧ.

"ಬಂದು ನೋಡ್ತಾರಾ?" ಅಂತ ಕೇಳಿದರು ಮಾವ.

"ಯಾರೂ ಬಂದು ನೋಡಲ್ಲ ಮಾವ. ನಿಮ್ಮ ಮಾತೇ ಸಾಕು ಅವರಿಗೆ."

"ಇನ್ಸ್‌ಪೆಕ್ಟ್ರು?"

"ಯಾರೂ ಇಲ್ಲ."

"ಬರೀ ಬಾಯಿಮಾತಿಗೆ ವರ್ಷದ ಟ್ಯಾಕ್ಸು ಬುಟ್ಟುಬುಡ್ತಾರಾ! ಅಲ್ಲ ಕಣವ್ವ, ಎಂಥಾ ಜನ ಇವ್ರು!" ಅಂದರು. ನನಗೆ ಅದು ಒಂದು ಕೆಲಸ ಮುಗಿಯಿತು ಅನ್ನುವ ಕ್ಲಿಕ್ಕು. ಅವರಿಗೆ ಹಾಗಲ್ಲ. ಕಂಡು ಕೇಳರಿಯದ ಒಂದು ಸರ್ಕಾರ ತಮ್ಮನ್ನು ನಂಬಿತು ಅಂತ ಅವರ ಮುಖವೆಲ್ಲ ಅರಳಿಬಿಟ್ಟಿತ್ತು. ಕ್ಲಿಕ್ಕು ಸಾಲದು ಅಂತ ಮಗಳ ಕೈಲಿ ಅದನ್ನು ಪ್ರಿಂಟು ಹಾಕಿಸಿದರು. ಕೆಳಗೆ ಬೆರಳಿಟ್ಟು ಜಾಗ ಅಳೆದುಕೊಂಡು ಕನ್ನಡದಲ್ಲಿ ಸಹಿ ಮಾಡಿದರು. ಆ ಹಾಳೆ ಫ್ರಿಜ್ಜಿನ ಬಾಗಿಲ ಮೇಲೆ, ಪಂಚಾಂಗದ ಕ್ಯಾಲೆಂಡರಿನ ಪಕ್ಕದಲ್ಲಿ, ಮ್ಯಾಗ್ನೆಟ್ಟಿನ ಕೆಳಗೆ ಕೂತಿತು.

ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ಓಡದ ಗಾಡಿಗೆ ಪೂಜೆ ಬೇಡವೇ ಅಂತ ನಾನು ಕೇಳಲೂ ಇಲ್ಲ. ಅವರು ಬೆಳಿಗ್ಗೆಯೇ ಬಕೆಟ್ಟು ಹಿಡಿದು ಕಾರಿನ ಮೈಯನ್ನೆಲ್ಲ ಕೈಯಲ್ಲೇ ಮುಟ್ಟಿ ಮುಟ್ಟಿ ತೊಳೆದಿದ್ದರು. ಅರಿಶಿನ, ಕುಂಕುಮ, ಬಾನೆಟ್ಟಿಗೆ ಅಡ್ಡಲಾಗಿ ಚೆಂಡುಹೂವಿನ ಹಾರ, ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು. ಮಂಗಳಾರತಿ ಆಯಿತು. ಇನ್ನು ನಿಂಬೆಹಣ್ಣಿನ ಮೇಲೆ ಚಕ್ರ ಹಾಯಬೇಕಲ್ಲ. ನನ್ನ ಗಂಡ ಒಳಗೆ ಮೀಟಿಂಗಿನಲ್ಲಿದ್ದರು. ನಾನೇ ಕೂತೆ. ಮಾವ ಪಕ್ಕದ ಸೀಟಿನಲ್ಲಿ ಕೂತರು.

"ಒಂದೇ ಒಂದು ಮೊಳ ಕಣವ್ವ. ನಿಂಬೆಹಣ್ಣು ಹೊಡೀತಿದ್ದಂಗೆ ಹೋಲ್ಡಾನ್. ಹೂಂ, ರೈಟ್!" ಅಂದರು. ಕಂಡಕ್ಟರುಗಳು ಬಸ್ಸು ಹೊರಡಲಿ ಅಂತ ಕೂಗುವ ಅದೇ ರೈಟ್. ಮನೆಯಲ್ಲಿ ಹೊರಡುವುದಕ್ಕೆಲ್ಲ ಅವರ ಬಾಯಲ್ಲಿ ಅದೊಂದೇ ಮಾತು.

ನಾನು ಬ್ರೇಕು ಸಡಿಲಿಸಿದೆ. ನಿಂಬೆಹಣ್ಣು ಪಚಕ್ಕೆಂದಿತು. ನಮ್ಮ ಡ್ರೈವ್‌ವೇ ಇಳಿಜಾರು. ಎರಡು ತಿಂಗಳಿಂದ ನಿಂತಿದ್ದ ಕಾರಿನ ಬ್ರೇಕಿಗೆ ನನ್ನ ಕಾಲಿನ ಪರಿಚಯವಿಲ್ಲ. ನಾನು ಒತ್ತುವಷ್ಟರಲ್ಲಿ ಮುಂದಿನ ಚಕ್ರಗಳು ರಸ್ತೆ ಅಂಚಿನ ತಗ್ಗಿಗೆ ಗಡಕ್ಕನೆ ಇಳಿದು ಆಚೆ ಹೋಗಿಬಿಟ್ಟಿದ್ದವು. ನಿಂತಾಗ ಹಾರ ಹಾಕಿಕೊಂಡ ಕಾರಿನ ಮೂತಿ ನಾಲ್ಕು ಅಡಿ ರಸ್ತೆಯಲ್ಲಿತ್ತು. ನಾಯಿ ಹಿಡಿದು ಬರುತ್ತಿದ್ದ ಒಬ್ಬ ಹೆಂಗಸು ನಿಂತು, ಮದುವೆ ಕಾರು ಅಂದುಕೊಂಡಳೋ ಏನೋ, ಕೈಬೀಸಿದಳು. ನಾನು ಹಲ್ಲು ಕಿರಿದು ರಿವರ್ಸಿಗೆ ಹಾಕಿದೆ. ಕಾರು ಅಲುಗಲಿಲ್ಲ. ಇನ್ನಷ್ಟು ಒತ್ತಿದೆ, ಇಂಜಿನ್ನು ಅರಚಿತು, ಕಾರು ಅಲ್ಲೇ. ದೇವರೇ ಅಂತ ಕಾಲು ತೆಗೆದೆ. ಆಗ ತಾನಾಗಿ ಗೇರು ಹಿಡಿದು, ಗಡಕ್ಕನೆ ತಗ್ಗು ಹತ್ತಿ, ಹಿಂದೆ ಬಂತು.

ಮಾವ ಮುಂದಕ್ಕೇ ಮುಖ ಮಾಡಿ ಕೂತಿದ್ದರು. "ರಸ್ತೆಗೆ ಇಳೀತೇನವ್ವಾ?" ಅಂತ ಕೇಳಿದರು.

"ಇಲ್ಲ ಮಾವ" ಅಂದೆ. "ನಿಂಬೆಹಣ್ಣು."

ಅಷ್ಟೇ. ಯಾಕೆ ಹಾಗಂದೆ ಅಂತ ನನಗೆ ಚೆನ್ನಾಗಿ ಗೊತ್ತು. ಹೌದು ಅಂದಿದ್ದರೆ ಮರುದಿನವೇ ಆ ಫ್ರಿಜ್ಜಿನ ಹಾಳೆ ಕಿತ್ತುಕೊಂಡು ಆರ್‌ಟಿಓಗೆ ಕರೆದುಕೊಂಡು ಹೋಗು ಅಂತ ಕೂರುತ್ತಿದ್ದರು. ನಾನು ರಜೆ ಹಾಕಬೇಕು, ಸಾಲಿನಲ್ಲಿ ನಿಲ್ಲಬೇಕು, ನಾಲ್ಕು ಅಡಿಗೆ ಇಡೀ ವರ್ಷದ ಫೀಸೂ ದಂಡವೂ ಕಟ್ಟಬೇಕು. ಅವರಿಗೆ ಸಂಕಟವಾಗುತ್ತದೆ ಅಂತಲೂ ಅನ್ನಿಸಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಹೆಚ್ಚಿನ ಪಾಲು ನನ್ನ ಸೋಮಾರಿತನವೇ. ಲ್ಯಾಬಿನಲ್ಲಿ ದಿನಾ ಹತ್ತು ಹಾಳೆಗೆ, ಕಣ್ಣಾರೆ ಕಂಡದ್ದನ್ನೇ ಬರೆದಿದ್ದೇನೆ ಅಂತ ಸಹಿ ಹಾಕುವವಳು ನಾನು.

ಚಳಿಗಾಲ ಕಳೆದು ಬೆಟ್ಟಗಳು ಹಸಿರಾಗಿ, ಆ ಹಸಿರೂ ಒಣಗಿ ಹೊಂಬಣ್ಣಕ್ಕೆ ತಿರುಗುವ ಹೊತ್ತಿಗೆ ಡಾಕ್ಟರು ಕಣ್ಣು ಇನ್ನು ಇಷ್ಟೇ ಅಂದರು. ಮಾವ ಲೈಸೆನ್ಸನ್ನು ತಾವೇ ಜೇಬಿನಿಂದ ತೆಗೆದು ನನ್ನ ಗಂಡನ ಕೈಗಿಟ್ಟರು. "ವಾಪಸ್ ಕಳಿಸ್ಬುಡಪ್ಪ" ಅಂದರು. ನಾವು ಅಳು ನುಂಗಿಕೊಂಡು ನಿಂತಿದ್ದೆವು. ಅವರು ಚಹಾ ಕೇಳಿದರು.

ಅದೇ ತಿಂಗಳು ಅಂಚೆಯಲ್ಲಿ ಒಂದು ಪತ್ರ ಬಂತು. ಹೊಗೆ ಕಡಿಮೆ ಮಾಡಲು ಹಳೇ ಗಾಡಿಗಳನ್ನು ಶಾಶ್ವತವಾಗಿ ರಸ್ತೆಯಿಂದ ತೆಗೆಯುವ ಸ್ಕೀಮಂತೆ. ಒಪ್ಪಿಸಿದವರಿಗೆ ರಿಬೇಟು. ಅದನ್ನು ಚೆಕ್ಕಾಗಿ ಪಡೆಯಬಹುದು, ಬೇಡವಾದರೆ ಬಸ್ಸಿಗೂ ರೈಲಿಗೂ ಆಗುವ ಒಂದು ಕಾರ್ಡಾಗಿ ಪಡೆಯಬಹುದು. ರಸ್ತೆಯಿಂದ ಇಳಿಸಿಟ್ಟ ಗಾಡಿಯಾದರೂ ಸರಿ, ಕಾಗದ ಸರಿಯಾಗಿರಬೇಕು. ಜೊತೆಗೆ ಇನ್ನೊಂದು ಷರತ್ತು: ಗಾಡಿ ತನ್ನ ಚಕ್ರದ ಮೇಲೆ ತಾನೇ ಹಳೇ ಗಾಡಿ ಒಡೆಯುವ ಯಾರ್ಡಿಗೆ ಬರಬೇಕು, ಅಲ್ಲಿ ಒಂದಿಷ್ಟು ದೂರ ಮುಂದಕ್ಕೂ ಹಿಂದಕ್ಕೂ ಓಡಿ ತೋರಿಸಬೇಕು. ಎಳೆದುತಂದದ್ದಕ್ಕೆ ರಿಬೇಟಿಲ್ಲ.

ಮಾವ ಆ ಷರತ್ತನ್ನು ನನ್ನ ಕೈಲಿ ಮೂರು ಸಲ ಓದಿಸಿದರು. "ಮರ್ವಾದೆ ಗೊತ್ತಿರೋ ಜನ ಕಣವ್ವ" ಅಂದರು.

ನನ್ನ ಗಂಡನಿಗೆ ಇದೆಲ್ಲ ತಲೆನೋವು. "ಅಪ್ಪ, ಫೋನ್ ಮಾಡಿದ್ರೆ ಟೋ ಟ್ರಕ್ಕು ಬಾಗಿಲಿಗೇ ಬಂದು ತಗೊಂಡ್ ಹೋಗುತ್ತೆ. ಆ ರಿಬೇಟು ಬರದಿದ್ರೆ ಕತ್ತೆ ಬಾಲ. ಸತ್ತ ಕಾರು ಅದು."

"ಡಿಪೋಗೆ ಹಗ್ಗದಲ್ಲಿ ಎಳ್ಕಂಬಂದ ಬಸ್ನ ಎಲ್ರೂ ಟೀ ಲೋಟ ಕೆಳಗಿಟ್ಟು ನೋಡೋರು ಕಣಪ್ಪ. ಬಸ್ನ ಅಲ್ಲ, ಅದನ್ನ ರಿಪೇರಿ ಮಾಡ್ದೋನ್ನ" ಅಂದರು ಮಾವ. "ನನ್ನ ಕೈಯಾಗೆ ಹೊಂಟ ಗಾಡಿ ಒಂದು ದಿವ್ಸವೂ ಹಗ್ಗದಲ್ಲಿ ಬಂದಿಲ್ಲ. ಇದೂ ಬರಾಕಿಲ್ಲ."

ರಿಬೇಟಿನ ಅರ್ಜಿಯಲ್ಲಿ ಚೆಕ್ಕು ಬೇಕೋ ಕಾರ್ಡು ಬೇಕೋ ಅಂತ ನಾನು ಕೇಳಿದಾಗ ಅವರು ಕ್ಷಣವೂ ಯೋಚಿಸಲಿಲ್ಲ. "ಬಸ್ಸು" ಅಂದರು. ಕಣ್ಣು ಹೋದ ಮೇಲೆ ಪಾರ್ಕಿಗೆ ಹೋಗಬೇಕೆಂದರೂ ನಮ್ಮ ಬಿಡುವಿಗೆ ಕಾಯುತ್ತಾ ಶೂ ಹಾಕಿಕೊಂಡು ಹಜಾರದಲ್ಲಿ ಕೂರುತ್ತಿದ್ದರು ಅವರು. ಆ ಕಾರ್ಡು ಅವರಿಗೆ ಏನು ಅಂತ ನನಗೆ ಆಗ ಹೊಳೆಯಿತು.

ಮೂರು ವಾರ ಆ ಡ್ರೈವ್‌ವೇ ಮೇಲೆ ನಾನು ಕಂಡದ್ದನ್ನು ಹೇಗೆ ಹೇಳಲಿ! ಕಣ್ಣಿಲ್ಲದ ಎಂಬತ್ತೊಂದರ ಮುದುಕ ಬರೀ ಕೈ, ಕಿವಿ, ಮೂಗಿನಲ್ಲಿ ಒಂದು ಕಾರನ್ನು ಎಬ್ಬಿಸಿ ನಿಲ್ಲಿಸಿದರು. ನಾನು ಅವರು ಕೇಳಿದ ಸ್ಪ್ಯಾನರು ಎತ್ತಿಕೊಡುವವಳು, ಅಷ್ಟೇ. ಹತ್ತಕ್ಕೂ ಹನ್ನೊಂದಕ್ಕೂ ವ್ಯತ್ಯಾಸ ನನಗೆ ನಂಬರು ಓದಿದರೂ ತಪ್ಪುತ್ತಿತ್ತು, ಅವರಿಗೆ ಅಂಗೈಗಿಟ್ಟ ತಕ್ಷಣ ಗೊತ್ತಾಗುತ್ತಿತ್ತು. "ಇದು ಹನ್ನೊಂದು, ಬೇರೇದು ಕೊಡು." ಬ್ಯಾಟರಿ ಸತ್ತಿತ್ತು, ಹೊಸದು ಹಾಕಿದೆವು. ಹಿಂದಿನ ಬ್ರೇಕು ತುಕ್ಕು ಹಿಡಿದು ಅಂಟಿಕೊಂಡಿತ್ತು. ಚಕ್ರವನ್ನು ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಾ, ಪ್ರತಿ ಏಟಿಗೂ ಕಿವಿಗೊಡುತ್ತಾ, "ಬುಡ್ತಾ ಐತೆ, ಬುಡ್ತಾ ಐತೆ" ಅನ್ನುತ್ತಿದ್ದರು. ಏರ್ ಫಿಲ್ಟರಿನ ಡಬ್ಬಿ ತೆರೆದಾಗ ಒಳಗೆ ಇಲಿಯ ಗೂಡು. ನಾನು ಕಿರುಚಿದೆ. ಅವರು ಕೈಹಾಕಿ ಹಿಡಿಯಷ್ಟು ತೆಗೆದು ಮೂಸಿ ನೋಡಿ ನಕ್ಕರು. "ಚೆಂಡುಹೂವು ಕಣವ್ವ!" ಆಯುಧಪೂಜೆಯ ಹಾರದ ಎಸಳುಗಳನ್ನೆಲ್ಲ ಇಲಿ ಹೊತ್ತುಕೊಂಡು ಹೋಗಿ ಮರಿಗಳಿಗೆ ಹಾಸಿತ್ತು. ಆ ದಿನದ ನೆನಪಾಗಿ ನನ್ನ ನಗು ಅರ್ಧಕ್ಕೇ ನಿಂತಿತು.

ರಿವರ್ಸ್ ಗೇರು ಮಾತ್ರ ಸತಾಯಿಸಿತು. ಅದರ ಎಣ್ಣೆಯನ್ನು ಎರಡು ಬೆರಳಲ್ಲಿ ತಿಕ್ಕಿ, ಮೂಸಿ, ಬಹಳ ಹೊತ್ತು ಯೋಚಿಸಿದರು. "ಇದಕ್ಕೆ ರೋಗ ಇಲ್ಲ, ವಯಸ್ಸಾಗೈತೆ. ಗೇರಿಗೆ ಹಾಕಿ ಮೂರು ಎಣಿಸು. ಒಂದು, ಎರಡು, ಮೂರು. ಆಮೇಕೆ ಒತ್ತು. ಮುದುಕರಿಗೆ ಎದ್ದೇಳಾಕೆ ಒಸಿ ಟೈಮ್ ಕೊಡ್ಬೇಕು." ನಾನು ಎಣಿಸಿದೆ. ಮೂರು ಅನ್ನುವಾಗ ಗೇರು ಹಿಡಿಯಿತು. ಅಂಗಳದೊಳಗೇ ಒಂದು ಗೇಣು ಹಿಂದಕ್ಕೆ ಸರಿದು ನಿಂತೆವು. ಒಂದು ಗೇಣೂ ಮುಂದಕ್ಕೆ ಬಿಡಲಿಲ್ಲ ಅವರು. "ಮುಂದೆ ರಸ್ತೆ ಐತೆ. ಸಹಿ ಹಾಕಿವ್ನಿ" ಅಂದರು. ನಾನು ಕನ್ನಡಿ ನೋಡುವವಳ ಹಾಗೆ ಆ ಕಡೆ ತಿರುಗಿದೆ.

ಯಾರ್ಡಿಗೆ ಹೋಗಲು ಒಂದೇ ದಿನದ ಪರ್ಮಿಟ್ಟು ಕೊಡುತ್ತಾರೆ. ಅವತ್ತು ನಾನು ರಜೆ ಹಾಕಿದೆ. ಬೆಳಿಗ್ಗೆ ಮತ್ತೆ ನಾಲ್ಕು ನಿಂಬೆಹಣ್ಣು ಇಟ್ಟರು. ಈ ಸಲ ಕಾರು ಧೈರ್ಯವಾಗಿ ರಸ್ತೆಗೆ ಇಳಿಯಿತು. ಆರುನೂರಾ ಎಂಬತ್ತು ಫ್ರೀವೇ ಹತ್ತಿ ಉತ್ತರಕ್ಕೆ ಹೊರಟೆವು. ಆ ಕಾರಿನಲ್ಲಿ ಅವರು ಫ್ರೀವೇ ನೋಡಿದ್ದು ಅದೇ ಮೊದಲು, ನೋಡಿದ್ದು ಅಂದರೆ ಕೇಳಿದ್ದು. ಕಿಟಕಿ ಇಳಿಸಿಕೊಂಡು ಪಕ್ಕದ ಲಾರಿಗಳ ಸದ್ದಿಗೆಲ್ಲ ತಲೆದೂಗುತ್ತಾ ಕೂತಿದ್ದರು. "ಎಷ್ಟರಲ್ಲಿ ಐತೆ?" ಅಂತ ಕೇಳಿದರು. ಅರವತ್ತೈದು ಮೈಲಿ ಅಂದೆ. "ನೋಡು, ಉಸಿರೇ ಸಿಕ್ಕಾಕಳಾಕಿಲ್ಲ!" ಅಂತ ಡ್ಯಾಶ್‌ಬೋರ್ಡನ್ನು ಸವರಿದರು. ನಿಜವಾಗಿಯೂ ಆ ಕಾರು ಆವತ್ತು ಓಡಿದ ಹಾಗೆ ಯಾವತ್ತೂ ಓಡಿರಲಿಲ್ಲ.

ಯಾರ್ಡಿರುವುದು ಎಣ್ಣೆ ಟ್ಯಾಂಕುಗಳಾಚೆ, ಕೊಲ್ಲಿಯ ನೀರು ಕಾಣುವ ಕಡೆ. ಬೇಲಿಯೊಳಗೆ ಕಾರುಗಳನ್ನು ಒಂದರ ಮೇಲೊಂದು ಮನೆಯೆತ್ತರ ಪೇರಿಸಿದ್ದರು. ಫೋರ್ಕ್‌ಲಿಫ್ಟೊಂದು ಕೆಂಪು ಕಾರನ್ನು ಹೊಟ್ಟೆಗೆ ತಿವಿದು ಎತ್ತಿಕೊಂಡು ಹೋಗುತ್ತಿತ್ತು. ಆಫೀಸಿನಲ್ಲಿ ನರೆತ ತಲೆಯ ಒಬ್ಬ ಹೆಂಗಸು, ಕನ್ನಡಕ ಸರಪಣಿಯಲ್ಲಿ ನೇತುಬಿಟ್ಟುಕೊಂಡವಳು, ಒಂದೊಂದೇ ಪ್ರಶ್ನೆ ಕೇಳಿ ಗುರುತು ಹಾಕುತ್ತಾ ಹೋದಳು. ಕೊನೆಯ ಪ್ರಶ್ನೆ ಬಂತು: ರಸ್ತೆಯಿಂದ ಇಳಿಸಿದ ಮೇಲೆ ಇವತ್ತಿನ ತನಕ ಈ ಗಾಡಿ ಯಾವಾಗಲಾದರೂ ರಸ್ತೆಯ ಮೇಲೆ ಬಂದಿತ್ತೇ?

"ನೋ" ಅಂದೆ ನಾನು, ತಟಕ್ಕನೆ.

"ಏನಂತೆ?" ಅಂದರು ಮಾವ.

"ಏನಿಲ್ಲ ಮಾವ, ಮಾಮೂಲಿ."

"ಏನು ಕೇಳಿದ್ರು ಹೇಳವ್ವ."

ಹೇಳಿದೆ. ಅವರು ಕೋಲು ಊರಿ ಎದ್ದು ನಿಂತು, ಆ ಹೆಂಗಸಿನ ದನಿ ಬಂದ ಕಡೆ ಮುಖ ಮಾಡಿದರು. "ಎಸ್, ಮೇಡಂ" ಅಂದರು. "ಒನ್ ಟೈಮ್. ಫೋರ್ ಫೀಟ್."

ನನಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ನಾಲ್ಕು ಅಡಿ! ಅಳೆದವರ ಹಾಗೆ! ಆ ಹೆಂಗಸು ಯಾಕೆ ಬಂದಿತ್ತು ಅಂತ ಕೇಳಿದಳು.

"ಫಾರ್ ಲೆಮನ್, ಮೇಡಂ."

ಇಲ್ಲಿ ಕೆಟ್ಟ ಕಾರಿಗೆ ಲೆಮನ್ ಅನ್ನುತ್ತಾರೆ. ಅವಳು ಕಿಟಕಿಯಾಚೆ ನಿಂತಿದ್ದ ನಮ್ಮ ಕಾರನ್ನು ನೋಡಿ, ಓಹೋ ಇದು ಲೆಮನ್ನೇ, ಅಂತ ಮರುಕ ತೋರಿಸಿದಳು. ಮಾವ ಕೆರಳಿದರು. "ನೋ ಲೆಮನ್! ಗುಡ್ ಕಾರ್! ಲೆಮನ್ ಈಸ್ ಅಂಡರ್!" ಕೈಯಲ್ಲಿ ಹಣ್ಣು ಇಡುವುದು, ಚಕ್ರ ಹಾಯುವುದು, ಕೈಮುಗಿಯುವುದು ಎಲ್ಲ ಮಾಡಿ ತೋರಿಸಿದರು. ನಾನು ಬಾಯಿ ತೆರೆಯಲೇಬೇಕಾಯಿತು. ಪೂಜೆ, ಇಳಿಜಾರು, ಬ್ರೇಕು, ಎಲ್ಲ ಹೇಳಿದೆ. ಓಡಿಸುತ್ತಿದ್ದವಳು ನಾನು ಅಂತಲೂ ಹೇಳಿದೆ. "ಮೈ ಸೈನ್" ಅಂದರು ಮಾವ, ನಡುವೆ ಬಾಯಿ ಹಾಕಿ. "ನಾಟ್ ಹರ್ ಸೈನ್."

ಅವಳು ಪೆನ್ನು ಕೆಳಗಿಟ್ಟಳು. ಒಳ್ಳೆಯವಳು, ನಗಲಿಲ್ಲ. ನಾಲ್ಕು ಅಡಿಯಾದರೂ ಹೌದು ಅಂತ ಹೇಳಿದ್ದನ್ನು ನಾನು ಇಲ್ಲ ಅಂತ ಬರೆಯಲಾರೆ ಅಂದಳು. ಬಾಕಿ ಫೀಸು ಕಟ್ಟಿ ಕಾಗದ ಸರಿಮಾಡಿಸಿಕೊಂಡು ಬಂದರೆ ರಿಬೇಟು ಸಿಗುತ್ತದೆ, ಅದಕ್ಕೆ ಕೆಲವು ವಾರ ಹಿಡಿಯುತ್ತದೆ. ಇಲ್ಲವೇ ಇವತ್ತೇ ರಿಬೇಟಿಲ್ಲದೆ ಬಿಟ್ಟುಹೋಗಬಹುದು. ಪರ್ಮಿಟ್ಟು ಈ ಒಂದು ದಿನಕ್ಕೆ ಮಾತ್ರ. ಮತ್ತೊಂದು ಸಿಗುವುದು ಖಾತ್ರಿಯಿಲ್ಲ, ಸಿಗದಿದ್ದರೆ ಟೋ ಟ್ರಕ್ಕಿನಲ್ಲೇ ತರಬೇಕು.

ಮಾವನಿಗೆ ಹೇಳಿದೆ. "ಮಾವ, ಬಸ್ ಕಾರ್ಡು ಹೋಗುತ್ತೆ" ಅಂತ ಎರಡೆರಡು ಸಲ ಹೇಳಿದೆ.

"ಹೋಗ್ಲಿ ಬುಡು. ಗಾಡಿ ಬಂದೈತಲ್ಲ, ಅದ್ರ ಕಾಲ್ಮೇಲೆ" ಅಂದರು.

ಅವಳು ಹಾಗಾದರೆ ಟೆಸ್ಟಿನ ಅಗತ್ಯವಿಲ್ಲ, ಕೀ ಕೊಟ್ಟು ಹೊರಡಿ, ಫೋರ್ಕ್‌ಲಿಫ್ಟು ಬಂದು ಎತ್ತಿಕೊಳ್ಳುತ್ತದೆ ಅಂದಳು. ಅದನ್ನು ನಾನು ಕನ್ನಡಕ್ಕೆ ತರುವ ಮೊದಲೇ, ಫೋರ್ಕ್‌ಲಿಫ್ಟು ಅನ್ನುವ ಒಂದು ಪದಕ್ಕೇ ಅವರ ಮುಖ ಬಿಳಿಚಿತು. ಕಾರ್ಡು ಹೋದಾಗ ಅಲುಗದಿದ್ದ ಮನುಷ್ಯ. "ನೋ ಮೇಡಂ, ಪ್ಲೀಸ್" ಅಂದರು. "ಟೆಸ್ಟ್. ಫಾರ್ವರ್ಡ್, ರಿವರ್ಸ್. ಪ್ಲೀಸ್." ಮೂವತ್ತನಾಲ್ಕು ವರ್ಷದಲ್ಲಿ ಯಾರ ಮುಂದೂ ಕೈಚಾಚದವರು ಕೌಂಟರಿನ ಮೇಲೆ ಕೈಚಾಚಿ ನಿಂತಿದ್ದರು. ಅವಳು ಆ ಕೈಯನ್ನು ನೋಡಿದಳು. ಫೋನೆತ್ತಿ ಯಾರಿಗೋ ಬಾ ಅಂದಳು.

ಎಣ್ಣೆ ಮೆತ್ತಿದ ಬಟ್ಟೆಯ ದಪ್ಪ ಮನುಷ್ಯನೊಬ್ಬ ಬಂದು ಸ್ಟಿಯರಿಂಗಿನ ಮುಂದೆ ಕೂತ. ಮುಂದಕ್ಕೆ ಓಡಿಸಿದ, ಸಲೀಸು. ರಿವರ್ಸಿಗೆ ಹಾಕಿ ಒತ್ತಿದ, ಇಂಜಿನ್ನು ಅರಚಿತು. ಮಾವ ಓಡುನಡಿಗೆಯಲ್ಲಿ ಹೋಗಿ ಬಾನೆಟ್ಟಿನ ಮೇಲೆ ಅಂಗೈಯಿಟ್ಟು, ಮೂರು ಬೆರಳೆತ್ತಿದರು. "ವೆಯ್ಟ್. ತ್ರೀ." ಅವನು ಕಾಲು ತೆಗೆದ. ಒಂದು, ಎರಡು, ಮೂರು. ಕಾರು ಗೇರು ಹಿಡಿದು ಮೆಲ್ಲಗೆ ಹಿಂದೆ ಸರಿಯಿತು. "ಬರ್ಲಿ, ಬರ್ಲಿ, ಬರ್ಲಿ, ಹೋಲ್ಡಾನ್!" ಅಂತ ಮಾವ ಕೂಗಿದರು. ಅವನು ಕರೆಕ್ಟಾಗಿ ನಿಲ್ಲಿಸಿದ. ಕನ್ನಡ ಬಂದವನ ಹಾಗೆ ನಿಲ್ಲಿಸಿದ! ಕೆಳಗಿಳಿಯದೆ ಕಿಟಕಿಯಿಂದ ತಲೆ ಹಾಕಿ, ಈ ಗೇರು ಇಷ್ಟು ಚೆನ್ನಾಗಿ ಇಟ್ಟವರು ಯಾರು, ಅಂತ ಕೇಳಿದ. ನಾನು ಮಾವನನ್ನು ತೋರಿಸಿದೆ. ಅವರ ಕಣ್ಣು ಎತ್ತಲೋ ನೋಡುತ್ತಿದ್ದದ್ದನ್ನು ಆಗಲೇ ಅವನು ಗಮನಿಸಿದ್ದು. ಟೋಪಿ ತೆಗೆದ.

ಒಳಗೇಟಿನ ತನಕ ಕಾರು ತಾನೇ ಓಡಿಕೊಂಡು ಹೋಗಬೇಕಿತ್ತು. ಮಾವ ಅದರ ಬೆನ್ನಿಗೆ ಎರಡು ಸಲ ತಟ್ಟಿದರು. "ರೈಟ್! ರೈಟ್!" ಅಂದರು, ದನಿ ಎತ್ತರಿಸಿ. ಆ ಮನುಷ್ಯ ಬಲಕ್ಕೆ ತಿರುಗಿಸಿ ಗೋಡೆಯ ಮುಂದೆ ಗಕ್ಕನೆ ನಿಂತ. ಬಲಗಡೆ ಗೋಡೆ ಇದೆಯಲ್ಲ ಅಂದ. ನಾನು ಅಳುತ್ತಾ ನಗುತ್ತಾ, ಅದು ಬಲಕ್ಕೆ ಅಂತಲ್ಲ, ಹೊರಡು ಅಂತ, ಅಂತ ಹೇಳಿದೆ. ಅವನು ಮೂರು ಎಣಿಸಿ ಹಿಂದೆ ತೆಗೆದು, ಸೀದಾ ಮಾಡಿಕೊಂಡು ಒಳಗೆ ಹೋದ. ಸದ್ದು ಅಡಗುವ ತನಕ ಮಾವ ನಿಂತು ಕೇಳಿಸಿಕೊಂಡರು.

ಮನೆಗೆ ಬಸ್ಸಿನಲ್ಲಿ ಹೊರಟೆವು. ಗಂಡ ಬಂದು ಕರೆದುಕೊಂಡು ಹೋಗುತ್ತೇನೆ ಅಂದರು, ಮಾವ ಬೇಡ ಅಂದರು. ಹತ್ತಿ ಕೂತು ಸ್ವಲ್ಪ ಹೊತ್ತಾದ ಮೇಲೆ, "ಇನ್ನೂ ಸ್ಟಾರ್ಟ್ ಮಾಡಿಲ್ವೇನವ್ವಾ?" ಅಂತ ಕೇಳಿದರು.

"ಹೊರಟು ಎರಡು ಸ್ಟಾಪು ದಾಟಿದೆವು ಮಾವ. ಕರೆಂಟಿನ ಬಸ್ಸು ಇದು."

ಅವರು ನಂಬಲಿಲ್ಲ. ಬಗ್ಗಿ ಬಸ್ಸಿನ ನೆಲದ ಮೇಲೆ ಅಂಗೈ ಒತ್ತಿದರು. ಆಮೇಲೆ ಕಿಟಕಿಯ ಸರಳಿಗೆ ಕಿವಿ ಕೊಟ್ಟರು. ಇಷ್ಟು ದೊಡ್ಡ ಬಸ್ಸು ಒಂದು ಕೆಮ್ಮಿಲ್ಲ, ಒಂದು ನಡುಕವಿಲ್ಲ. "ಅಯ್ಯಪ್ಪಾ!" ಅಂದರು, ಉಸಿರಿನಲ್ಲೇ. "ಏನು ಕಾಲ ಬಂತವ್ವ!" ಮುಖ ಮಕ್ಕಳ ಮುಖದ ಹಾಗೆ ತೆರೆದುಕೊಂಡಿತ್ತು. ತಮ್ಮ ಕಿವಿಗೆ ಕೆಲಸವಿಲ್ಲದ ಬಸ್ಸನ್ನು ಕಂಡು ಅಷ್ಟು ಸಂತೋಷಪಟ್ಟ ಇನ್ನೊಬ್ಬ ಮೆಕ್ಯಾನಿಕ್ ಇರಲಾರ.

ಆಗ ಬಸ್ಸು ರಸ್ತೆಯ ಒಂದು ತಗ್ಗಿಗೆ ಗಡಕ್ಕನೆ ಇಳಿದು, ಗಡಕ್ಕನೆ ಹತ್ತಿತು.

"ಇಳೀತು" ಅಂದರು ಮಾವ, ಒಂದು ಬೆರಳು ಎತ್ತಿ. "ಹತ್ತಿತು." ಇನ್ನೊಂದು ಬೆರಳು. "ಅವತ್ತೂ ಇಂಗೇಯ. ನಿಂಬೆಹಣ್ಣು ಗಡಕ್ ಅನ್ನಾಕಿಲ್ಲ ಕಣವ್ವ."

ನನ್ನ ಕಣ್ಣು ತುಂಬಿಬಂತು. ಒಂಬತ್ತು ತಿಂಗಳು! ಅದೇ ಹಜಾರದಲ್ಲಿ ಒಟ್ಟಿಗೆ ಊಟ ಮಾಡಿದ್ದೆವು, ಮೂರು ವಾರ ಅದೇ ಕಾರಿಗೆ ಒಟ್ಟಿಗೆ ಮೈ ಬಗ್ಗಿಸಿದ್ದೆವು. "ಗೊತ್ತಿದ್ದೂ ಯಾಕೆ ಮಾವ ನನ್ನನ್ನ ಒಂದು ಮಾತು ಕೇಳಲಿಲ್ಲ?" ಅಂದೆ.

"ಕೇಳಿದ್ನಲ್ಲವ್ವಾ" ಅಂದರು ಅವರು, ಕಿವಿಯನ್ನು ಕಿಟಕಿಯಿಂದ ತೆಗೆಯದೆ. "ಅವತ್ತೇ ಕೇಳಿದ್ದೆ."